ಫ್ಲಶ್ ಟ್ಯಾಂಕಿಗೆ ಹಾಕಿದ ನೀಲಿ

ನಮ್ಮದು ಬೆಂಗಳೂರಿನ ಮೂವತ್ತು ನಲವತ್ತರ ಸೈಟು. ಕೆಳಗೆ ನಾವು ನಾಲ್ಕು ಜನ, ಹಿಂದಿನ ರೂಮಿನಲ್ಲಿ ಒಬ್ಬಳು ನರ್ಸ್ ಹುಡುಗಿ, ಮೊದಲ ಮಹಡಿಯಲ್ಲಿ ಐದು ಜನರ ಸಂಸಾರ, ಮೇಲೆ ಕೆಲಸಕ್ಕೆ ಹೋಗುವ ಮೂವರು ಹುಡುಗರು. ಕರೆಂಟಿಗೆ ಮನೆಗೊಂದು ಮೀಟರ್ ಇದೆ, ತಂಟೆಯಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಾಡಿಗೆಯವರ ಬಿಲ್ಲೂ ಸೊನ್ನೆ. ಮೋಟರಿನ ಮೀಟರ್ ಮಾತ್ರ ನನ್ನ ಪಾಲಿಗೆ. ನೀರಿಗೆ ಇರುವುದು ಒಂದೇ ಕನೆಕ್ಷನ್. ಬಿಲ್ಲು ಬಂತೆಂದರೆ ಹದಿಮೂರು ತಲೆಗೆ ಭಾಗ ಮಾಡಿ ವಸೂಲಿ ಮಾಡುತ್ತಿದ್ದೆ.

2024ರ ಮಾರ್ಚ್‌ನಲ್ಲಿ ಬಿಲ್ಲು ನೋಡಿ ಗಾಬರಿಯಾದೆ. ಒಂಬೈನೂರರ ಆಸುಪಾಸು ಬರುತ್ತಿದ್ದದ್ದು ಸಾವಿರದ ಎಂಟುನೂರು ದಾಟಿತ್ತು. ಆಗ ಜಲಮಂಡಳಿಯ ದರ ಮೊದಲ 8 ಸಾವಿರ ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ, 50 ಸಾವಿರ ದಾಟಿದ ನೀರಿಗೆ 45 ರೂಪಾಯಿ. ನಾವು ಆ ಗೆರೆ ದಾಟಿದ್ದೆವು. ಅದೂ ಊರೆಲ್ಲ ನೀರಿಲ್ಲ ಅಂತ ಒದ್ದಾಡುತ್ತಿದ್ದ ಬೇಸಿಗೆಯಲ್ಲಿ! ಜಿಲ್ಲಾಡಳಿತ 6 ಸಾವಿರ ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗಾದರೆ 600 ರೂಪಾಯಿ ಅಂತ ದರ ಗೊತ್ತು ಮಾಡಿತ್ತು. ನಮ್ಮ ಬೀದಿಗೆ ಬರುವವನು ಫೋನಲ್ಲೇ ನಕ್ಕು ಸಾವಿರದ ಇನ್ನೂರು ಅಂದ. ತೆಪ್ಪಗೆ ಕೊಟ್ಟೆ.

ಅನುಮಾನ ನೇರ ಹುಡುಗರ ಮೇಲೆ ಹೋಯಿತು. ಮದುವೆಯಾಗದವರಲ್ಲವಾ, ಪಾಪ, ಎಲ್ಲದಕ್ಕೂ ಅವರೇ. ಭಾನುವಾರವಿಡೀ ವಾಷಿಂಗ್ ಮಷಿನ್ ಓಡಿಸುತ್ತಾರೆ ಅಂತ ಮೇಲೆ ಹೋಗಿ ಕಾಲು ಗಂಟೆ ಭಾಷಣ ಬಿಗಿದೆ. ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5 ಸಾವಿರ ದಂಡ ಅಂತ ಪೇಪರಲ್ಲಿ ಬಂದಿತ್ತು. ಅದನ್ನೂ ಓದಿ ಹೇಳಿದೆ. ಅವರ ಬೈಕಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು ಅನ್ನೋದು ಬೇರೆ ಮಾತು.

ಎರಡು ದಿನ ಬಿಟ್ಟು ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್ ಹುಡುಗಿ ಗೇಟಲ್ಲೇ ನಿಲ್ಲಿಸಿ ಹೇಳಿದಳು, "ಅಂಕಲ್, ರಜೆ ದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾದರೂ ಪೈಪಲ್ಲಿ ನೀರು ಹರಿಯೋ ಸದ್ದು ಕೇಳುತ್ತೆ."

ಅವತ್ತು ರಾತ್ರಿ ಹನ್ನೊಂದಕ್ಕೆ ತಾರಸಿಗೆ ಹೋಗಿ ಟ್ಯಾಂಕಿನ ತಳಕ್ಕೆ ಮುಟ್ಟುವಂತೆ ಜೇಡ ತೆಗೆಯುವ ಕೋಲು ಇಳಿಸಿದೆ. ಒದ್ದೆಯಾದ ಕಡೆ ಸೀಮೆಸುಣ್ಣದ ಗುರುತು ಹಾಕಿದೆ. ಬೆಳಗ್ಗೆ ಐದಕ್ಕೆ ಮತ್ತೆ ಇಳಿಸಿದರೆ ನೀರು ಆರು ಬೆರಳು ಕೆಳಗಿತ್ತು. ಮನೆಯೆಲ್ಲ ಮಲಗಿದ್ದಾಗ!

ಬಟ್ಟೆಗೆ ಹಾಕುವ ನೀಲಿ ಬಾಟಲಿ ಹಿಡಿದು ಮನೆಮನೆಗೆ ಹೋದೆ. ಪ್ರತಿ ಫ್ಲಶ್ ಟ್ಯಾಂಕಿಗೂ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ ಅಂದೆ. ಮೊದಲ ಮಹಡಿಯ ಕಮೋಡಿನಲ್ಲಿ ತೆಳ್ಳಗೆ ಒಂದು ನೀಲಿ ಎಳೆ ಇಳಿಯುತ್ತಿತ್ತು. ಒಳಗಿನ ರಬ್ಬರ್ ವಾಷರ್ ಸವೆದಿತ್ತು, ಅಷ್ಟೇ. ವಾಷರಿಗೆ ನಲವತ್ತು ರೂಪಾಯಿ, ಪ್ಲಂಬರಿಗೆ ಮುನ್ನೂರು.

ಆ ಮನೆಯಾಕೆ ತಲೆ ತಗ್ಗಿಸಿ ಹೇಳಿದರು, "ಸೋರೋದು ಗೊತ್ತಿತ್ತು ಅಂಕಲ್. ಹೇಳಿದ್ರೆ ಪ್ಲಂಬರ್ ದುಡ್ಡು ನಮ್ಮ ಮೇಲೆ ಬರುತ್ತೆ ಅಂತ ಸುಮ್ನಿದ್ವಿ."

ಸಿಟ್ಟು ಬಂತು, ಆದರೆ ಬಾಯಿ ಬರಲಿಲ್ಲ. ಅಗ್ರಿಮೆಂಟ್ ತೆಗೆದು ನೋಡಿದೆ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಇದೆ, ಹನ್ನೊಂದು ತಿಂಗಳಿಗೆ ಬಾಡಿಗೆ ಏರಿಸುವುದೂ ಇದೆ. ನಲ್ಲಿ, ಫ್ಲಶ್ಶು ಕೆಟ್ಟರೆ ಯಾರು ಕೊಡಬೇಕು ಅಂತ ಒಂದು ಸಾಲೂ ಇಲ್ಲ. ಬರೆಸಿದವನು ನಾನೇ. ಜೊತೆಗೆ ಈ ತಲೆ ಲೆಕ್ಕ ಬೇರೆ. ಸೋರಿದ ನೀರೂ ಹದಿಮೂರು ಪಾಲಾದ ಮೇಲೆ ಯಾರಿಗೆ ತಾನೇ ಅವಸರ?

ಪ್ಲಂಬರ್ ದುಡ್ಡು ನಾನೇ ಕೊಟ್ಟೆ. ನರ್ಸ್ ಹುಡುಗಿಯ ಬಾಡಿಗೆಯಲ್ಲಿ ಆ ತಿಂಗಳ ನೀರಿನ ಹಣ ಬಿಟ್ಟುಬಿಟ್ಟೆ. ಹುಡುಗರಿಗೆ ಏನು ಹೇಳುವುದೋ ತಿಳಿಯದೆ ಯುಗಾದಿಗೆ ಹೋಳಿಗೆ ಕಳಿಸಿದೆ. ಮಾರನೇ ದಿನ ಡಬ್ಬಿ ವಾಪಸ್ ಕೊಡುತ್ತಾ ಅವರಲ್ಲೊಬ್ಬ, "ಒಂದೇ ಮಗ್ ನೀರಲ್ಲಿ ತೊಳೆದಿದ್ದೀವಿ ಅಂಕಲ್" ಅಂದ.