ಹೊಸ ಕಲ್ಲಿಗೊಂದು ಗುರುತು

ಸೆಲೆಸ್ಟಾ ರೈಲು ನಿಲ್ದಾಣದಲ್ಲಿ ಹತ್ತಿದ ಬಸ್ ದ್ರಾಕ್ಷಿ ತೋಟಗಳನ್ನು ದಾಟಿ ಕಾಡಿನ ತಿರುವುಗಳನ್ನು ಏರತೊಡಗಿದಾಗ ಮಂಜು ಕವಿದಿತ್ತು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ, 750 ಮೀಟರಿಗೂ ಹೆಚ್ಚು ಎತ್ತರದ ಬೆಟ್ಟದ ನೆತ್ತಿಯಲ್ಲಿರುವ ಓ ಕ್ಯೋನಿಗ್ಸ್‌ಬೂರ್ ಕೋಟೆ ಕೊನೆಯ ತಿರುವಿನವರೆಗೂ ಮುಖ ತೋರಲಿಲ್ಲ. ತೋರಿದಾಗ ಗೋಡೆಗಳ ನಸುಗೆಂಪು ಮರಳುಗಲ್ಲು ಮಳೆಗೆ ನೆನೆದು ಗಾಢವಾಗಿತ್ತು.

1147ರ ದಾಖಲೆಯಲ್ಲೇ ಈ ಬೆಟ್ಟದ ಕೋಟೆಯ ಉಲ್ಲೇಖವಿದೆ. ಆಗ ಇದು ಹೋಹೆನ್‌ಸ್ಟೌಫೆನ್ ಮನೆತನದ ಕೈಯಲ್ಲಿತ್ತು. ಮುಂದೆ ಇಲ್ಲಿ ದರೋಡೆಗಾರ ಸರದಾರರು ಬೀಡುಬಿಟ್ಟರು. ರೋಸಿಹೋದ ಸ್ಟ್ರಾಸ್‌ಬರ್ಗ್, ಕೊಲ್ಮಾರ್, ಬಾಸೆಲ್ ನಗರಗಳು ಸೇರಿ 1462ರಲ್ಲಿ ಅದನ್ನು ಕೆಡವಿದವು. 1479ರಲ್ಲಿ ಕೋಟೆಯನ್ನು ಪಡೆದ ಟಿಯರ್‌ಸ್ಟೈನ್ ಮನೆತನ ಫಿರಂಗಿಗಳ ಕಾಲಕ್ಕೆ ತಕ್ಕಂತೆ ದಪ್ಪ ಗೋಡೆಗಳ ಬುರುಜು ಎಬ್ಬಿಸಿತು. ಅದೂ ಸಾಲಲಿಲ್ಲ. ಮೂವತ್ತು ವರ್ಷಗಳ ಯುದ್ಧದಲ್ಲಿ, 1633ರಲ್ಲಿ, ಸ್ವೀಡಿಷ್ ಸೇನೆ 52 ದಿನ ಮುತ್ತಿಗೆ ಹಾಕಿ ಗೆದ್ದಿತು, ಸುಟ್ಟಿತು. ಆಮೇಲೆ ಎರಡೂವರೆ ಶತಮಾನ ಇಲ್ಲಿ ಬಾಳಿದ್ದು ಮರಬಳ್ಳಿಗಳು ಮಾತ್ರ.

ನಾನು ಇಷ್ಟು ದೂರ ಬಂದದ್ದು ಅದರ ಮುಂದಿನ ಕಥೆಗಾಗಿ. 1871ರಲ್ಲಿ ಅಲ್ಸಾಸ್ ಜರ್ಮನಿಯ ಪಾಲಾಯಿತು. 1899ರಲ್ಲಿ ಸೆಲೆಸ್ಟಾ ಪಟ್ಟಣ ಈ ಹಾಳು ಕೋಟೆಯನ್ನು ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ಗೆ ಒಪ್ಪಿಸಿತು. ಈ ನೆಲ ಹಿಂದಿನಿಂದಲೂ ಜರ್ಮನ್ನರದೇ ಎಂದು ಕಲ್ಲಿನಲ್ಲಿ ಹೇಳಿಸುವುದು ಅವನ ಬಯಕೆ. ಕೆಲಸ ವಹಿಸಿದ್ದು ವಾಸ್ತುಶಿಲ್ಪಿ ಬೋಡೋ ಎಬ್‌ಹಾರ್ಟ್‌ಗೆ. ಅವನು ಅವಶೇಷಗಳನ್ನು ಅಳೆದ, ಹಳೆಯ ದಾಖಲೆಗಳನ್ನು ತಡಕಿದ, ಕಲ್ಲು ಸಾಗಿಸಲು ಬೆಟ್ಟದ ಮೇಲೆ ಉಗಿಬಂಡಿ ಓಡಿಸಿದ. 1908ರ ಮೇ 13ರಂದು ಸುರಿಯುವ ಮಳೆಯಲ್ಲೇ ಉದ್ಘಾಟನೆ ನಡೆಯಿತು.

ಮುಖ್ಯ ಗೋಪುರ ಅಷ್ಟು ಎತ್ತರವಿದ್ದಿರಲಾರದು, ಇದು ಚಕ್ರವರ್ತಿಯ ಕನಸೇ ಹೊರತು ಮಧ್ಯಯುಗವಲ್ಲ ಎಂಬ ಟೀಕೆಗಳಿವೆ. ಒಪ್ಪುತ್ತೇನೆ. ಆದರೆ ಹೊಸದಾಗಿ ಕೂರಿಸಿದ ಕಲ್ಲುಗಳ ಮೇಲೆ ಎಬ್‌ಹಾರ್ಟ್ ಗುರುತು ಕೆತ್ತಿಸಿದ್ದಾನೆ. ಅಂಥ ಒಂದು ಕಲ್ಲನ್ನು ಹುಡುಕಿ ಬೆರಳಿಂದ ಸವರಿದೆ. 'ಇದು ನನ್ನದು, ಪೂರ್ವಿಕರದ್ದಲ್ಲ' ಎಂದು ಮುಂದಿನವರಿಗೆ ತಿಳಿಸಿಹೋದ ಆ ಪ್ರಾಮಾಣಿಕತೆಯ ಮೇಲೆ ನನಗೆ ಅಪಾರ ಗೌರವ ಹುಟ್ಟಿತು.

ಅರವತ್ತು ಮೀಟರಿಗೂ ಆಳದ ಬಾವಿ, ಅಡುಗೆಮನೆ, ಕಿರಿದಾದ ಸುರುಳಿ ಮೆಟ್ಟಿಲು ದಾಟಿ ಚಕ್ರವರ್ತಿಯ ಸಭಾಂಗಣಕ್ಕೆ ಬಂದೆ. ಚಾವಣಿಯಲ್ಲಿ ರೆಕ್ಕೆ ಬಿಚ್ಚಿದ ದೊಡ್ಡ ಹದ್ದಿನ ಚಿತ್ರ. ಕೆಳಗೆ, ಒಲೆಗೂಡಿನ ಮುಂದಿನ ಲೋಹದ ತಡಿಕೆಯ ಮೇಲೆ, 1918ರಲ್ಲಿ ಅವನು ಬರೆಯಿಸಿದ ಜರ್ಮನ್ ಮಾತು: 'ನಾನು ಇದನ್ನು ಬಯಸಿರಲಿಲ್ಲ.' ಮಹಾಯುದ್ಧದ ಕುರಿತ ಮಾತದು. ಓದಿ ಬಹಳ ಹೊತ್ತು ಅಲ್ಲೇ ನಿಂತೆ. ಅದೇ ವರ್ಷ ಅವನ ಸಿಂಹಾಸನ ಹೋಯಿತು, ಮರುವರ್ಷ ಕೋಟೆ ಫ್ರಾನ್ಸಿಗೆ ಸೇರಿತು.

ದೊಡ್ಡ ಬುರುಜಿನ ಮೇಲೆ ಬರುವಷ್ಟರಲ್ಲಿ ಮಂಜು ಹರಿದಿತ್ತು. ಕೆಳಗೆ ರೈನ್ ನದಿಯ ಬಯಲು, ಅದರಾಚೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ನೀಲಿ ಗೆರೆ. ಗಡಿ ಎಲ್ಲಿದೆ ಎಂದು ಎಷ್ಟು ದಿಟ್ಟಿಸಿದರೂ ಕಣ್ಣಿಗೆ ಸಿಗಲಿಲ್ಲ.