ಅಡಿಕೆ ಮದ್ದು ಕಲಸಲು ಕಲಿಯುವವರಿಗೆ

ಮಲೆನಾಡಿನಲ್ಲಿ ಹೊಸ ಹುಡುಗರಿಗೆ ಮರ ಹತ್ತುವ ಚಪಲ. ಅಡಿಕೆ ಮರ ಹತ್ತಿ ಕೊನೆ ಇಳಿಸುವ, ಮದ್ದು ಹೊಡೆಯುವ ಹಳೆಯ ಕೊನೆಗೌಡರು ಮೊದಲು ಅವರನ್ನು ಡ್ರಮ್ಮಿನ ಪಕ್ಕ ನಿಲ್ಲಿಸುತ್ತಾರೆ. ಸರಿಯಾದದ್ದೇ. ಮದ್ದು, ಅಂದರೆ ಬೋರ್ಡೋ ದ್ರಾವಣ, ಕೆಟ್ಟರೆ ಎಷ್ಟು ಚೆನ್ನಾಗಿ ಹೊಡೆದರೂ ಅಡಿಕೆಯ ಕೊಳೆರೋಗ ನಿಲ್ಲದು.

ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಟ್ಟ ಸುಣ್ಣ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ರಾತ್ರಿಯಿಡೀ ಇಳಿಬಿಡಿ. ತಳಕ್ಕೆ ಹಾಕಿದರೆ ಬೇಗ ಕರಗದು. ಡ್ರಮ್ ಪ್ಲಾಸ್ಟಿಕ್ಕಿನದೇ ಆಗಬೇಕು, ಕಬ್ಬಿಣವನ್ನು ಮೈಲುತುತ್ತ ತಿನ್ನುತ್ತದೆ. ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ, ಆರಿದ ಮೇಲೆ ಉಳಿದ 50 ಲೀಟರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಮರದ ತುದಿಯಲ್ಲಿರುವಾಗಲೇ ನಾಜಲ್ ಕಟ್ಟುತ್ತದೆ, ಕೆಳಗಿನವರು ಬೈಗುಳ ಕೇಳಬೇಕು.

ನಂತರ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುಗಿಸಿ. ಸುಣ್ಣದ ನೀರನ್ನೇ ಮೈಲುತುತ್ತದ ನೀರಿಗೆ ಸುರಿದರೆ ಕಣ ದಪ್ಪವಾಗಿ ತಳಕ್ಕಿಳಿಯುತ್ತದೆ.

ತಿಳಿನೀಲಿ ಬಂತೆಂದು ಹುಡುಗ ಖುಷಿಪಟ್ಟರೆ ಹಿರಿಯರು, “ತಮಾ, ಬಣ್ಣ ನಂಬಬೇಡ, ಕತ್ತಿ ಅದ್ದು” ಎನ್ನುತ್ತಾರೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ತಾಮ್ರ ಹೆಚ್ಚಾಗಿದೆ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಲೇಪ ಕೂರದಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ ನೋಡಿ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ನಿಂತ ಮದ್ದು ಕಾಯಿಗೆ ಅಂಟದು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ, ಗೊನೆಯ ಒಳಗಿನ ಕಾಯಿಗೂ ತಾಗುವಂತೆ.