ಒಂದು ಬಾಟ್ಲಿ ನೀರು, ನಾನೂರು ಮನೆ

ಗಂಗಾವತಿಗೆ ಹೋಗಿದ್ದು ಅಕ್ಕನ ಮನೆಯ ಮದುವೆಗೆ. ಮದುವೆಯ ಎರಡು ದಿನ ಉಂಡದ್ದು, ಮಲಗಿದ್ದು ಬಿಟ್ಟರೆ ನೆನಪಿಲ್ಲ. ಮೂರನೇ ದಿನ ಬೀಗರೆಲ್ಲ ಸೇರಿ ಅಂಜನಾದ್ರಿಗೆ ಹೊರಟರು. ಆ 575 ಮೆಟ್ಟಿಲು ನಾನು ಎರಡು ಸಲ ಹತ್ತಿದ್ದೇನೆ. ಮೇಲೆ ನಿಂತರೆ ಗಾಳಿ ಚಂದ, ತುಂಗಭದ್ರೆ ಚಂದ. ಆದರೆ ಮೊಬೈಲು ಎತ್ತಿ ಹಿಡಿದವರ ಕಂಕುಳಲ್ಲಿ ತೂರಿ ನೋಡಬೇಕು. ನನಗೆ ಬೇಡವೆಂದೆ. "ಹಂಗಾದ್ರ ಮೋರೇರ ಗುಡ್ಡಕ್ಕ ಹೋಗ್ರಿ ಮಾಮಾ, ಅಲ್ಲಿ ಒಂದು ನರಪಿಳ್ಳೆ ಇರಂಗಿಲ್ಲ" ಅಂದ ಅಳಿಯ. ಜೊತೆಗೆ ಒಂದು ಲೀಟರಿನ ಬಾಟ್ಲಿ ಕೈಗಿಟ್ಟು, "ಇಷ್ಟ ಸಾಕು" ಅಂದ. ಆ ಮಾತಿಗೆ ಅವನನ್ನು ನಾನಿನ್ನೂ ಕ್ಷಮಿಸಿಲ್ಲ.

ಆ ಗುಡ್ಡವಿರುವ ಊರು ಹಿರೇಬೆಣಕಲ್, ಗಂಗಾವತಿಯಿಂದ 10 ಕಿಲೋಮೀಟರ್ ಆಸುಪಾಸು. ಟಂಟಂನವನು ಊರಿಗೆ ಮುಂಚೆಯೇ ಇಳಿಸಿ, "ಇಲ್ಲಿಂದನೂ ದಾರಿ ಐತ್ರಿ" ಎಂದು ಹೋಗಿಬಿಟ್ಟ. ದಾರಿ ಇತ್ತು, ಕುರಿಗಳಿಗೆ. ಮೊಬೈಲಿನ ನಕಾಶೆ ನಂಬಿ ಜಾಲಿ ಮುಳ್ಳಿನಲ್ಲಿ ಮುಕ್ಕಾಲು ತಾಸು ಸುತ್ತಿದೆ. ಪ್ಯಾಂಟು ಎರಡು ಕಡೆ ಹರಿಯಿತು, ಚಪ್ಪಲಿಯ ಬಾರು ಕಿತ್ತಿತು, ನೀರು ಅರ್ಧಕ್ಕೆ ಬಂತು. ಹೋಗುವವರು ಊರೊಳಗೇ ಇಳಿದು, ದಾರಿ ಬಲ್ಲ ಒಬ್ಬರನ್ನು ಕರೆದುಕೊಂಡು, ಬೂಟು ಹಾಕಿಕೊಂಡು ಹೋಗಿ. ನೀರು ತಲೆಗೆ ಮೂರು ಲೀಟರ್. ಡಿಸೆಂಬರ್ ಆದರೂ ನಮ್ಮ ಕಡೆಯ ಬಂಡೆ ಹತ್ತು ಗಂಟೆಗೇ ಹಂಚಿನಂತೆ ಕಾಯುತ್ತದೆ.

ಹತ್ತುವಾಗ ಕಾಣುವುದೆಲ್ಲ ಗುಂಡು. ಗುಂಡಿನ ಮೇಲೆ ಗುಂಡು, ಈಗ ಉರುಳಿತು ಆಗ ಉರುಳಿತು ಎಂಬಂತೆ. ಹಿಂದಿರುಗಿ ನೋಡಿದರೆ ಕೆಳಗೆ ಕಾಲುವೆ ನೀರುಂಡ ಭತ್ತದ ಗದ್ದೆ, ಅರ್ಧ ಕೊಯ್ದದ್ದು, ಅರ್ಧ ಹಳದಿ. ಸುಸ್ತಾಗಿ ತಲೆ ತಗ್ಗಿಸಿ ನಡೆಯುತ್ತಿದ್ದವನು ಒಂದು ತಿರುವಿನಲ್ಲಿ ತಲೆ ಎತ್ತಿದೆ. ಎದುರಿಗೆ ಒಂದು ಊರು.

ಊರೇ ಅದು. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವು ಮೊಣಕಾಲೆತ್ತರ, ಕೆಲವು ನನಗಿಂತ ಎತ್ತರ. ಸಾಲು ಸಾಲು, ನಡುವೆ ಓಣಿ. ಗುಡ್ಡದ ಮೇಲೆ ಇಂಥವು ಸುಮಾರು ನಾನೂರು ಇವೆ. ಕ್ರಿ.ಪೂ. 800ರಿಂದ 200ರ ನಡುವಿನ ಶಿಲಾ ಸಮಾಧಿಗಳು ಎನ್ನುತ್ತಾರೆ ಬಲ್ಲವರು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಪಟ್ಟಿ ಸೇರಿದ ಜಾಗದಲ್ಲಿ ಅವತ್ತು ಇದ್ದವರು ನಾನು, ನಲವತ್ತು ಕುರಿ, ಒಬ್ಬ ಕುರಿ ಕಾಯುವ ಮುದುಕ. ಆತ ಒಂದು ಕಲ್ಮನೆಯ ನೆರಳಲ್ಲಿ ರೊಟ್ಟಿ ಬಿಚ್ಚಿದ್ದ.

"ಬರ್ರಿ, ಕುಂದರ್ರಿ. ನೀರ್ ಐತೇನು?" ಅಂದ. ನನ್ನ ಬಾಟ್ಲಿ ನೋಡಿ ನಕ್ಕ. ಒದ್ದೆ ಗೋಣಿಚೀಲ ಸುತ್ತಿದ ತನ್ನ ಕ್ಯಾನು ಮುಂದೆ ಸರಿಸಿದ. ಸಜ್ಜಿ ರೊಟ್ಟಿ, ಗುರೆಳ್ಳು ಪುಡಿ. ಮದುವೆಯ ಐದು ಬಗೆ ಸಿಹಿಯ ಮಾತು ನಾನಿನ್ನು ಎತ್ತುವುದಿಲ್ಲ.

"ಯಾರ ಮನಿ ಅಜ್ಜಾರ ಇವು?"

"ಮೋರೇರವು. ಮೂರು ಗೇಣಿನ ಮಂದಿ. ಬೆಂಕಿ ಮಳಿ ಬರತೈತಂತ ಗೊತ್ತಾಗಿ ಕಲ್ಲಿನ ಮನಿ ಕಟಗೊಂಡ್ರು. ಮಳಿ ಬಂತು. ಒಳಗ ಕುಂತವ್ರು ಕುಂತಂಗ ಸತ್ರು."

"ಮೂರು ಗೇಣಿನವ್ರು ಇಷ್ಟು ದೊಡ್ಡ ಚಪ್ಪಡಿ ಹೆಂಗ ಎತ್ತಿದ್ರು?"

"ಇರುವಿ ಎಷ್ಟು ಹೊರತೈತಿ ನೋಡೀರೇನು?"

ಚಪ್ಪಡಿ ಎಲ್ಲಿಂದ ಬಂತು ಎಂಬುದು ಮಾತ್ರ ಕಣ್ಣೆದುರಿಗೇ ಇತ್ತು. ಪಕ್ಕದಲ್ಲೊಂದು ಹೊಂಡ. ಕಲ್ಲು ತೆಗೆದ ಕುಣಿಯೇ ನೀರು ನಿಲ್ಲುವ ಕೆರೆಯಾಗಿದೆ. ನಮ್ಮ ಗ್ರಾನೈಟು ಬಿಸಿಲಿಗೆ ಈರುಳ್ಳಿಯಂತೆ ಪದರು ಬಿಡುತ್ತದೆ. ಆ ಪದರನ್ನು ಸೀಳಿ ಎಬ್ಬಿಸಿದ್ದಾರೆ. ಮೋರೇರು ಅಂದರೆ ಮೌರ್ಯರು ಎನ್ನುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಅಶೋಕ ಈ ಸೀಮೆಯಲ್ಲಿ ಮಸ್ಕಿ, ಗವಿಮಠ, ಪಾಲ್ಕಿಗುಂಡು ಎಂದು ಸಿಕ್ಕ ಬಂಡೆಯ ಮೇಲೆಲ್ಲ ಬರೆಸಿದವನು. ಇಷ್ಟು ಕಲ್ಲೆತ್ತಿದ ಈ ಮಂದಿ ಒಂದು ಅಕ್ಷರ ಕೊರೆದಿಲ್ಲ.

ಕೊರೆದದ್ದು ಕಿಂಡಿ. ಕೆಲವು ಮನೆಗಳ ಮುಂದಿನ ಚಪ್ಪಡಿಯಲ್ಲಿ ಪರಾತದಷ್ಟು ಅಗಲದ ದುಂಡನೆಯ ತೂತು. ಅಂಚು ಕೈಯಾಡಿಸಿದರೆ ನುಣುಪು. ತಲೆ ತೂರಿಸಿದೆ. ಒಳಗೆ ತಂಪು, ಕುರಿ ಹಿಕ್ಕೆಯ ವಾಸನೆ.

"ಪುಸ್ತಕದಾಗ ಇದು ಗೋರಿ ಅಂತ ಬರದಾರ ಅಜ್ಜಾರ."

ಮುದುಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಗೋರಿ ಆದ್ರ ಕಿಂಡಿ ಯಾಕ ಬಿಡತಾರ್ರೀ? ಸತ್ತವ್ರಿಗೆ ಗಾಳಿ ಬೇಕೇನು?"

ನಾನು ಇಪ್ಪತ್ತು ವರ್ಷ ಮೇಷ್ಟ್ರಾಗಿದ್ದವನು, ಸುಮ್ಮನೆ ಕೂತೆ. ಆತನೇ ಸ್ವಲ್ಪ ಹೊತ್ತು ಬಿಟ್ಟು, "ನಮ್ಮಾಕಿ ಹೋಗಿ ಎರಡು ವರ್ಷಾತು. ಹೊಲದಾಗ ಮಣ್ಣು ಮಾಡೀವಿ. ಒಂದು ಕಿಂಡಿ ಇದ್ದಿದ್ರ ಚೊಲೊ ಇತ್ತು" ಅಂದ. ಮತ್ತೆ ರೊಟ್ಟಿ ಮುರಿದ.

ಊಟ ಮುಗಿಸಿ ನಗಾರಿ ಕಲ್ಲಿನ ಕಡೆ ನಡೆದೆವು. ಎತ್ತರದ ಬಂಡೆಯ ನೆತ್ತಿಯ ಮೇಲೆ ಬೋರಲು ಹಾಕಿದ ಕೊಪ್ಪರಿಗೆಯಂಥ ಗುಂಡು. ನನ್ನನ್ನು ಕೆಳಗೇ ನಿಲ್ಲಿಸಿ, ಎಪ್ಪತ್ತು ದಾಟಿದ ಆ ಮನುಷ್ಯ ಬರಿಗಾಲಲ್ಲಿ ಹತ್ತಿದ. ಕೈಗಲ್ಲಿನಿಂದ ಬಡಿದ. ಕಲ್ಲಿನ ಸದ್ದಲ್ಲ ಅದು. ತಾಮ್ರದ ಹಂಡೆ ಒಳಗಿಂದ ಗುಂಯ್ ಅನ್ನುವಂಥದ್ದು; ಕಿವಿಗಿಂತ ಮೊದಲು ಎದೆಗೂಡಿಗೆ ಬಂತು. ಕುರಿಗಳು ಮಾತ್ರ ಕತ್ತೆತ್ತಲಿಲ್ಲ.

"ನೀವು ಕೆಳಗ ಡಾಂಬರ ರಸ್ತಾ ಮುಟ್ಟೂ ಹೊತ್ತಿಗೆ ಇನ್ನೊಮ್ಮಿ ಬಾರಸ್ತೀನಿ. ಕೇಳತೈತೇನ್ ನೋಡ್ರಿ" ಅಂದ, ಸರಿಯಾದ ದಾರಿ ತೋರಿಸುತ್ತಾ.

ಇಳಿಯಲು ಒಂದು ತಾಸು ಹಿಡಿಯಿತು. ರಸ್ತೆ ಬದಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಗುಡುಗುಡು ಅನ್ನುತ್ತಾ ನಿಂತಿತ್ತು. ಇಂಜಿನ್ ಬಂದ್ ಮಾಡೆಂದು ಡ್ರೈವರನಿಗೆ ಕೈ ಸನ್ನೆ ಮಾಡಿದೆ. ಏನೋ ಆಯಿತೆಂದು ಹೆದರಿ ಬಂದ್ ಮಾಡಿದ.

"ಏನಾತ್ರೀ?"

"ಮ್ಯಾಲೆ ಅಜ್ಜ ನಗಾರಿ ಬಾರಸ್ತೀನಿ ಅಂದಾನ."

ಹುಡುಗ ನನ್ನ ಹರಿದ ಪ್ಯಾಂಟು ನೋಡಿದ, ಗುಡ್ಡ ನೋಡಿದ. ಆಮೇಲೆ ಅವನೂ ಕಿವಿಗೆ ಕೈ ಹಚ್ಚಿ ನಿಂತ.